ಜೋಮು ಹಿಡೀತೇನ್ರೀ?

ಕಾಲುವೆಗೆ ನೀರು ಬಂದ ಹೊಸತರಲ್ಲಿ ಸಿಂಧನೂರಿನ ಅಕ್ಕಿ ಗಿರಣಿಯ ಎದುರು ಒಬ್ಬ ಹಲ್ಲಿನ ಡಾಕ್ಟರಿದ್ದರು. ಹುಳುಕು ಹಲ್ಲು ಕೊರೆದು ಸಿಮೆಂಟ್ ತುಂಬುತ್ತಿದ್ದರು. ಕೊರೆಯುವ ಯಂತ್ರವನ್ನು ಹೊಲಿಗೆ ಮಷಿನ್ನಿನಂತೆ ಕಾಲಿನಿಂದ ತುಳಿಯಬೇಕಿತ್ತು. ಮೊದಲು ವಸಡಿಗೆ ಸೂಜಿ ಚುಚ್ಚಿ, ಹಿಟ್ಟಿನ ಹದ ನೋಡುವವರಂತೆ ಕೆನ್ನೆ ಒತ್ತಿ, "ಜೋಮು ಹಿಡೀತೇನ್ರೀ?" ಎಂದು ಕೇಳುತ್ತಿದ್ದರು. ಎಲ್ಲರೂ ಹೂಂ ಅನ್ನುತ್ತಿದ್ದರು.

ನಾನು ಮಾತ್ರ ಮೂರನೆಯ ಸೂಜಿಗೂ "ಇಲ್ರೀ, ಇನ್ನಾ ಹಂಗ ಐತಿ" ಎಂದೆ. ಅವರು ಸೂಜಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟರು.

"ಎಲ್ಲಾರೂ ಹೂಂ ಅಂತಾರ ತಂಗಿ. ಕೊರಿಯಾಕತ್ತಿದ್ರ ಕಣ್ಣಾಗ ನೀರು ಬರ್ತಾವ. ನಂಗ ತಿಳಿಯಂಗಿಲ್ಲೇನು? ಏನ್ ಮಾಡ್ಲಿ, ಬ್ಯಾರೆ ದವಾ ನನ್ನ ಕಡೆ ಇಲ್ಲ."

ಆವತ್ತು ಹಾಗೆಯೇ ಕೊರೆದರು. ನಾನು ಕೂಗಿದ್ದು ಗಿರಣಿಯ ಸದ್ದಿನಲ್ಲಿ ಹೊರಗೆ ಯಾರಿಗೂ ಕೇಳಲಿಲ್ಲ. ಅವರಿಗೊಬ್ಬರಿಗೇ ಕೇಳಿತು.

ಮರುವರ್ಷ ಇನ್ನೊಂದು ಹಲ್ಲು ಹುಳುಕಾಯಿತು. ಡಾಕ್ಟರೂ ಅವರೇ, ಸೂಜಿಯೂ ಅದೇ. ಕೆನ್ನೆ ಒತ್ತಿ, ನನ್ನ ಮುಖ ನೋಡದೆ, "ಜೋಮು ಹಿಡೀತೇನ್ರೀ?" ಎಂದರು.

"ಹೂಂ ರೀ, ಹಿಡೀತು" ಎಂದೆ.

ಅವರು ಜೇಬಿನಿಂದ ಕರವಸ್ತ್ರ ತೆಗೆದು ನನ್ನ ಕಣ್ಣುಗಳ ಮೇಲೆ ಹಾಸಿದರು. ಆಮೇಲೆ ತುಳಿಯತೊಡಗಿದರು.