೨೦೦ರ ಕಪಾಟಿಗೆ ಹೋದ ಕಾದಂಬರಿ

೨೦೧೬ನೇ ಇಸವಿ. ಮಸ್ಕತ್ತಿನ ಭಾರತೀಯ ಶಾಲೆಯೊಂದರಲ್ಲಿ ನಾನು ಲೈಬ್ರರಿಯನ್. ತೈಲ ಬೆಲೆ ಕುಸಿದು ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲ. ನನ್ನ ಸಹಾಯಕರ ಹುದ್ದೆಯೂ ಹೋಯಿತು. ನನಗೋ ಮೈಸೂರಿನವನ ಅಚ್ಚುಕಟ್ಟಿನ ಜಂಬ. ಬಂದಿದ್ದ ನೂರೈವತ್ತು ಹೊಸ ಪುಸ್ತಕಗಳಿಗೆ, ಹಿಂಬದಿಯ ರಟ್ಟಿನ ನಾಲ್ಕು ಸಾಲು ಓದಿ, ಎರಡೇ ದಿನದಲ್ಲಿ ನಂಬರಿನ ಚೀಟಿ ಅಂಟಿಸಿದೆ.

ಲೈಬ್ರರಿಯ ಡ್ಯೂಯಿ ಪದ್ಧತಿಯಲ್ಲಿ ೨೦೦ ಎಂದರೆ ಧರ್ಮ, ೮೧೩ ಎಂದರೆ ಅಮೆರಿಕನ್ ಕಾದಂಬರಿ. ಇಂಗ್ಲಿಷ್ ಶಿಕ್ಷಕಿ ಲವೀನಾ ಹೇಳಿ ತರಿಸಿದ್ದ ಒಂದು ಪುಸ್ತಕದ ಹಿಂದೆ ಪಾಸ್ಟರ್, ಚರ್ಚ್, ಪ್ರಾರ್ಥನೆ ಎಂದೆಲ್ಲ ಇತ್ತು. ಉಡುಪಿ ಕಡೆಯ ಕೆಥೊಲಿಕ್ ಹೆಣ್ಣುಮಗಳು ತರಿಸಿದ್ದು, ಇನ್ನೇನಿರುತ್ತದೆ ಎಂದುಕೊಂಡು ೨೦೦ ಅಂಟಿಸಿಬಿಟ್ಟೆ.

ಅದು ಕಾದಂಬರಿ. ಅಮೆರಿಕದ ಸಣ್ಣ ಊರಿನ ಪಾಸ್ಟರ್ ಪ್ರವಚನದಲ್ಲೇ ಯಾರಿಗೆ ವೋಟು ಹಾಕಬೇಕೆಂದು ಹೇಳತೊಡಗಿದಾಗ ಅವನ ಮಗಳು ಚರ್ಚಿನಿಂದ ಎದ್ದು ಹೋಗುವ ಕಥೆ. ಲವೀನಾ ಅದನ್ನು ಹನ್ನೊಂದನೇ ತರಗತಿಗೆ ಓದಿಸಿದರು. ಅವರ ಚರ್ಚಿನವರೇ ಆದ ಪೋಷಕರೊಬ್ಬರು ನನ್ನೆದುರೇ ಸಿಡುಕಿದರು: "ಪಾದ್ರಿಗಳನ್ನು ಹೀಗೆ ತೋರಿಸುವುದಾ? ಮಕ್ಕಳು ಎಂತ ಕಲೀತಾರೆ ಮಾರಾಯ್ರೆ?" ಮರುದಿನವೇ ದೂರು ಬಂತು.

ಧರ್ಮದ ಪುಸ್ತಕ ಪಾಠ ಮಾಡಬಾರದೆಂಬುದು ನಮ್ಮ ಶಾಲೆಯ ನಿಯಮ. ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿದರು.

"ಸರ್, ಇದು ಧರ್ಮದ ಪುಸ್ತಕ ಅಲ್ಲ. ಧರ್ಮದ ಹೆಸರಲ್ಲಿ ವೋಟು ಕೇಳುವವರ ಕಥೆ," ಎಂದರು ಲವೀನಾ.

ಪ್ರಿನ್ಸಿಪಾಲರು ಪುಸ್ತಕದ ಬೆನ್ನಿನ ಮೇಲಿದ್ದ ೨೦೦ರ ಚೀಟಿ ತೋರಿಸಿದರು. "ನಮ್ಮ ಲೈಬ್ರರಿಯೇ ಧರ್ಮ ಅನ್ನುತ್ತಿದೆಯಲ್ಲ!"

ತಪ್ಪು ನನ್ನದೆಂದು ಹೇಳಿದೆ, ಬರೆದೂ ಕೊಟ್ಟೆ. ಕೇಳುವ ಮನಸ್ಸು ಯಾರಿಗಿತ್ತು? ಆ ತಿಂಗಳು ಇಬ್ಬರು ಶಿಕ್ಷಕರನ್ನು ಕಡಿಮೆ ಮಾಡಬೇಕಿತ್ತು, ನೆಪವನ್ನು ನಾನೇ ಒದಗಿಸಿದ್ದೆ. ಲವೀನಾರನ್ನು ಕೆಲಸದಿಂದ ತೆಗೆದರು. ಅವರ ಗಂಡನ ಕೆಲಸ ಆಗಲೇ ಹೋಗಿತ್ತು. ಆ ಸಂಸಾರ ಒಮಾನಿನಲ್ಲಿ ಉಳಿದಿದ್ದೇ ಅವರ ನೌಕರಿಯಿಂದ. ಮೂರು ಸಲ ಆಫೀಸಿಗೆ ಹೋಗಿ ಬೇಡಿಕೊಂಡೆ. "ಮ್ಯಾನೇಜ್ಮೆಂಟ್ ನಿರ್ಧಾರ. ಖಲಾಸ್," ಎಂದು ಬಾಗಿಲು ತೋರಿಸಿದರು.

ದಾರ್ಸೈಟ್ ಬಡಾವಣೆಯ ಲವೀನಾರ ಫ್ಲ್ಯಾಟಿಗೆ ಹೋಗಿ ಕ್ಷಮೆ ಕೇಳಿದೆ. ಅವರು ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದರು. "ದೂರು ಕೊಟ್ಟವರು ಓದಿಲ್ಲ, ಪ್ರಿನ್ಸಿಪಾಲರು ಓದಿಲ್ಲ. ನೀವಾದ್ರೂ ಓದಿದ್ದೀರಾ ಸರ್?"

ಇಲ್ಲವೆಂದೆ.

"ಇರ್ಲಿ, ಚಾ ಕುಡಿದು ಹೋಗಿ," ಎಂದರು.

ಪುಸ್ತಕ ಓದುವವರು ಕಡಿಮೆ, ಚೀಟಿ ಓದುವವರೇ ಹೆಚ್ಚು. ಹಾಗಾಗಿ ಚೀಟಿ ಅಂಟಿಸುವವನಾದರೂ ಓದಿರಬೇಕು. ನನ್ನ ವೃತ್ತಿ ಇದನ್ನು ಕಲಿಸಿದ್ದು ಇನ್ನೊಬ್ಬರ ಅನ್ನದ ಬೆಲೆಗೆ. ಮರುದಿನ ೮೧೩ ಅಂಟಿಸಿ ಓದಲು ಕುಳಿತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಲವೀನಾ ಗಂಡ, ಮಕ್ಕಳೊಂದಿಗೆ ಊರಿನ ವಿಮಾನ ಹತ್ತಿದ ದಿನ ನಾನಿನ್ನೂ ಮೂವತ್ತನೇ ಪುಟದಲ್ಲಿದ್ದೆ.