ರೊಟ್ಟಿ ಬಡಿಯುವ ಸದ್ದು

ಹಿರೇಕೆರೂರಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಅಕ್ಕ ರೊಟ್ಟಿ ಬಡಿಯುವ ಸದ್ದಿಗೇ ನನಗೆ ಬೆಳಗಾಗುತ್ತಿತ್ತು. ಅರೆನಿದ್ದೆಯಲ್ಲಿ ಅದು ದೂರದ ಕೆರೆಯಲ್ಲಿ ಯಾರೋ ಈಜಿದಂತೆ ಕೇಳುತ್ತಿತ್ತು.

ಓಣಿಯ ಹಿರಿಯ, ಗೋವಿನಜೋಳದ ವ್ಯಾಪಾರಿ, ತನ್ನ ಮಾಳಿಗೆಯ ಮೇಲೆ ಮಾತನ್ನೂ ಹಿಡಿಯುವ ಕ್ಯಾಮೆರಾ ಹಾಕಿಸಿದ. "ನಿಮ್ಮ ಒಳ್ಳೇದಕ್ಕ ಹಾಕ್ಸೇನ್ರಿ" ಎಂದು ದಿನಾ ಓಣಿಯ ವಾಟ್ಸಾಪ್ ಗುಂಪಿಗೆ ಬರೆಯುತ್ತಿದ್ದ. ಕಟ್ಟೆಯ ಮೇಲೆ ಆಡಿದ ಮಾತು ಸಂಜೆಯೊಳಗೆ ಅದೇ ಗುಂಪಿನಲ್ಲಿ ಕೇಳಿಸತೊಡಗಿತು. ಹೆಂಗಸರು ಕಟ್ಟೆಗೆ ಬರುವುದನ್ನೇ ಬಿಟ್ಟರು.

ಅಕ್ಕ ಮಾತ್ರ, ಯಾರ ಮುಖ ಬಾಡಿದ್ದರೂ, "ಬಾರವ್ವ, ರೊಟ್ಟಿ ಬಡಿಯೂಣು" ಎಂದು ಒಳಗೆ ಕರೆಯುತ್ತಿದ್ದಳು. ಅವಳು ಬಡಿಯುವಳು, ಬಂದವರು ಮಾತಾಡುವರು. ಮಾತು ಸದ್ದಿನೊಳಗೆ ಹುದುಗಿಹೋಗುತ್ತಿತ್ತು. ಹೊರಗೆ ಕೇಳುವುದು ಬರೀ ಟಪಟಪ.

ಒಂದು ಮಧ್ಯಾಹ್ನ ಊಟದ ಹೊತ್ತು ಮೀರಿದರೂ ಆ ಸದ್ದು ನಿಲ್ಲಲಿಲ್ಲ. ಹಿತ್ತಲ ಬಾಗಿಲಿನಿಂದ ಹೋಗಿ ನೋಡಿದೆ. ಒಲೆ ಆರಿತ್ತು, ಹಿಟ್ಟು ಮುಗಿದಿತ್ತು. ಅಕ್ಕ ಬರಿಗಲ್ಲಿನ ಮೇಲೆ ಬಡಿಯುತ್ತಿದ್ದಳು, ಅಂಗೈ ಕೆಂಪಾಗಿತ್ತು. ಮೂಲೆಯಲ್ಲಿ ಕುಳಿತು ಬಿಕ್ಕುತ್ತಿದ್ದವಳು ಆ ವ್ಯಾಪಾರಿಯ ಸೊಸೆ.

"ಆ ಕ್ಯಾಮೆರಾ ಈಗ ನಮ್ಮ ಮನಿಯೊಳಗೂ ಹಚ್ಯಾರಕ್ಕ" ಎಂದಳು ಆ ಹುಡುಗಿ. "ಅಡಗಿಮನ್ಯಾಗೂ."

"ಅತ್ತಬಿಡವ್ವ. ಇಲ್ಲಿ ಯಾರಿಗೂ ಕೇಳಂಗಿಲ್ಲ" ಎಂದಳು ಅಕ್ಕ.

ನನ್ನನ್ನು ಕಂಡು ತುಸು ಸರಿದು ಜಾಗ ಮಾಡಿದಳು. ಅವಳ ಕೈ ಸೋತಿತ್ತು. ನಾನು ಕುಳಿತು, ಬರಿಗಲ್ಲನ್ನು ಬಡಿಯತೊಡಗಿದೆ.