ನೇರ ಮಾಡದ ಮೂಗು

ಕನ್ನಡಕದ ಅಂಗಡಿಯಲ್ಲಿ 'ನೇರ' ಎಂಬ ಮಾತಿಗೆ ಬೇರೆಯೇ ಅರ್ಥವಿದೆ. ಮೇಜಿನ ಮೇಲಿಟ್ಟಾಗ ಅಲುಗಾಡದೆ ಕೂರುವ ಫ್ರೇಮನ್ನು ಅಲ್ಲಿ ಯಾರೂ ನೇರ ಎನ್ನುವುದಿಲ್ಲ. ಅದಿನ್ನೂ ಕಾರ್ಖಾನೆಯ ಮಾಲು. ಒಬ್ಬರ ಎಡಗಿವಿ ಬಲಗಿವಿಗಿಂತ ಕೆಳಗಿರುತ್ತದೆ, ಇನ್ನೊಬ್ಬರ ಹುಬ್ಬು ಏರುಪೇರು, ಮತ್ತೊಬ್ಬರ ಮೂಗು ಒಂದು ಕಡೆಗೆ ವಾಲಿರುತ್ತದೆ. ಆ ಮುಖಕ್ಕೆ ತಕ್ಕಂತೆ ಕಿವಿಗೆ ಸಿಗಿಸುವ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, ಮೂಗಿನ ಮೇಲೆ ಕೂರುವ ಪುಟ್ಟ ದಿಂಬುಗಳನ್ನು ಇಕ್ಕುಳದಿಂದ ಒಂದಿಷ್ಟು ತಿರುಚಬೇಕು. ಹಾಕಿಕೊಂಡವರು ಕನ್ನಡಿ ನೋಡಿ ತಲೆಯಾಡಿಸಿದ ಮೇಲೆ 'ನೇರ ಆಯ್ತು' ಎನ್ನಬೇಕು. ಅದೇ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರೆ ಕಾಲು ಸವೆದ ಸ್ಟೂಲಿನಂತೆ ಕುಂಟುತ್ತದೆ.

ಈ ಕೆಲಸ ಮಾಡುತ್ತಿದ್ದವಳನ್ನು ಬೀದಿಯವರೆಲ್ಲ ಕನ್ನಡಕದಕ್ಕ ಎಂದು ಕರೆಯುತ್ತಿದ್ದರು. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಈಗಲೂ ಮೆಟ್ಟಿಲು ಹತ್ತಿ ಬರುವವರು ಮೊದಲು ಕಿಟಕಿ ಪಕ್ಕದ ಅವಳ ಕುರ್ಚಿಯ ಕಡೆ ನೋಡಿ, ಆಮೇಲೆ ಮಾತಾಡುತ್ತಾರೆ.

ಎಲ್ಲರ ಮೂಗನ್ನೂ ಸಂಭಾಳಿಸುತ್ತಿದ್ದ ಅವಳ ಮೂಗು ಮಾತ್ರ ಸೊಟ್ಟಗಿತ್ತು. ಹುಬ್ಬಿನ ಕೆಳಗೆ ಸರಿಯಾಗಿಯೇ ಹೊರಟು, ಮಧ್ಯದಲ್ಲಿ ಏನೋ ನೆನಪಾದಂತೆ ಎಡಕ್ಕೆ ಹೊರಳುತ್ತಿತ್ತು. ಎಡ ಹೊಳ್ಳೆಯಲ್ಲಿ ಉಸಿರು ಆಡುತ್ತಲೇ ಇರಲಿಲ್ಲ, ಬಲಗಡೆಯದು ಮನಸ್ಸು ಬಂದರೆ ಆಡುತ್ತಿತ್ತು. ಬಾಯಿ ಅರ್ಧ ತೆರೆದುಕೊಂಡೇ ಕೆಲಸ ಮಾಡುವಳು. ಬೆಳಿಗ್ಗೆ ಗಂಟಲು ಒಣಗಿ ಮರಳಾಗಿರುತ್ತಿತ್ತು. ವಯಸ್ಸಾಗುತ್ತಾ ಮಲಗಿದರೆ ಉಸಿರು ಕಟ್ಟುವಂತಾಗಿ, ದಿಂಬು ಪೇರಿಸಿಕೊಂಡು ಕೂತೇ ನಿದ್ದೆ ಮಾಡತೊಡಗಿದಳು.

ಅವಳ ಗಂಡ ಬಸ್ಸಿನ ಡ್ರೈವರು. "ಹಗಲೆಲ್ಲ ಎಂಜಿನ್ ಸದ್ದು, ಮನೆಗೆ ಬಂದ್ರೂ ಎಂಜಿನ್ ಸದ್ದೇ," ಎನ್ನುತ್ತಿದ್ದ. "ಡಿಪೋದಲ್ಲಾದ್ರೆ ಕೊನೇಗೆ ಆಫ್ ಮಾಡ್ತಾರೆ."

"ನಿಮ್ಮ ಬಸ್ಸಿನಷ್ಟು ಹೊಗೆ ಬಿಡಲ್ವಲ್ಲ, ಅದಕ್ಕೆ ಸಂತೋಷಪಡಿ," ಎನ್ನುವಳು ಅವಳು.

ಆ ಮೂಗು ಹುಟ್ಟಿನಿಂದ ಬಂದದ್ದಲ್ಲ, ಅಣ್ಣ ಕೊಟ್ಟದ್ದು. ಅವಳು ಚಿಕ್ಕವಳಿದ್ದಾಗ ಅವನ ಹೆಗಲ ಮೇಲೆ ಕೂತು ಮನೆಯೆಲ್ಲ ಸುತ್ತುವುದೇ ಇಬ್ಬರಿಗೂ ಆಟ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ಅವನು ತಲೆ ಬಗ್ಗಿಸಿ ಓಡಿದ. ತನ್ನ ತಲೆಯ ಮೇಲೆ ಇನ್ನೊಂದು ತಲೆಯಿದೆ ಎಂಬುದು ಮರೆತುಹೋಯಿತು. ಬಾಗಿಲಿನ ಮೇಲ್ಪಟ್ಟಿ ಮೂಗಿಗೆ ಬಡಿಯಿತು. ಅಮ್ಮ ತಣ್ಣೀರು ಬಟ್ಟೆ ಒತ್ತಿದಳು, ಬಾವು ಇಳಿಯಿತು, ಮೂಗು ಹೊರಳಿಕೊಂಡೇ ಗಟ್ಟಿಯಾಯಿತು. ಆಮೇಲೆ ಎಷ್ಟೋ ಕಾಲ ಅಣ್ಣ ದಿನಾ ಬೆಳಿಗ್ಗೆ ಅವಳನ್ನು ಎದುರಿಗೆ ಕೂರಿಸಿಕೊಂಡು, ಹೆಬ್ಬೆರಳಿನಿಂದ ಮೂಗನ್ನು ಬಲಕ್ಕೆ ಒತ್ತುವನು.

"ಆಗ್ತಾ ಇದೆ ಕಣೇ, ನಿನ್ನೆಗಿಂತ ಇವತ್ತು ವಾಸಿ."

"ನಿನ್ನೇನೂ ಇದೇ ಹೇಳ್ದೆ."

"ನಿನ್ನೇನೂ ವಾಸಿಯಾಗಿತ್ತು."

ದೊಡ್ಡವನಾದ ಮೇಲೆ ಅವನು ಹಡಗಿನ ಕೆಲಸಕ್ಕೆ ಸೇರಿದ. ಒಮ್ಮೆ ರಜೆಗೆ ಬಂದು ಹೋದ. ಹೊರಡುವಾಗ ನಿಲ್ದಾಣದಲ್ಲಿ ಎಲ್ಲರೆದುರು ಅವಳ ಮೂಗಿನ ಮೇಲೆ ಹೆಬ್ಬೆರಳಿಟ್ಟು, "ಇದಿರೋವರೆಗೂ ನೀನು ಎಲ್ಲಿ ಅಡಗಿ ಕೂತಿದ್ರೂ ಕಂಡುಹಿಡೀತೀನಿ," ಎಂದಿದ್ದ. ಆಮೇಲೆ ಸುದ್ದಿಯೇ ಬರಲಿಲ್ಲ. ಹಡಗಿನ ಕಚೇರಿಯವರು ಅವನು ಯಾವುದೋ ಬಂದರಿನಲ್ಲಿ ಇಳಿದು ಹೋದನೆಂದರು, ಅಷ್ಟೆ. ಅಪ್ಪ ಹೋದರು, ಅಮ್ಮ ಹೋದಳು, ಮನೆ ಬದಲಾಯಿತು. ಮನೆ ಬದಲಿಸುವಾಗ ಅವನಿದ್ದ ಒಂದೇ ಒಂದು ಫೋಟೋ ಕೂಡ ಕಳೆದುಹೋಯಿತು.

ಕನ್ನಡಕದ ಕೆಲಸಕ್ಕೆ ಅವಳು ಸೇರಿದ್ದು ಹೊಟ್ಟೆಪಾಡಿಗೆ. ಆದರೆ ಅದರಲ್ಲೇ ಉಳಿದದ್ದಕ್ಕೆ ಬೇರೆ ಕಾರಣವಿತ್ತು. ಗುರುತಿಲ್ಲದವರ ಮುಖವನ್ನು ಒಂದು ಗೇಣು ದೂರದಿಂದ, ಅವರ ಒಪ್ಪಿಗೆಯಿಂದಲೇ, ಬೇಕಾದಷ್ಟು ಹೊತ್ತು ನೋಡಲು ಇನ್ಯಾವ ಕೆಲಸದಲ್ಲಿ ಬಿಡುತ್ತಾರೆ? ಬಾಗಿಲು ತಳ್ಳಿಕೊಂಡು ಗಂಡಸರು ಬರುವರು. ಅಣ್ಣನಿಗೆ ಈಗ ಆಗಿರಬಹುದಾದ ವಯಸ್ಸಿನವರು ಬಂದರೆ ಅವಳ ಕೈ ನಿಧಾನವಾಗುವುದು. ಕಣ್ಣು, ಕಿವಿ, ಗದ್ದದ ಗುಳಿ ನೋಡುವಳು. ಆಮೇಲೆ ಮುಖ ಎತ್ತಿ, ತನ್ನ ಮೂಗು ಚೆನ್ನಾಗಿ ಕಾಣುವಂತೆ ಒಂದು ಗಳಿಗೆ ಸುಮ್ಮನೆ ಕೂರುವಳು.

"ಏನಮ್ಮಾ, ಸರಿಯಾಯ್ತಾ?" ಎನ್ನುವರು ಅವರು.

"ಆಯ್ತು ಸ್ವಾಮಿ. ನೇರ ಆಯ್ತು."

ಹಿಂದಿನ ಕೋಣೆಯಲ್ಲಿ ಗಾಜು ತೇಯುವ ಗೆಳತಿಗೆ ಇದೆಲ್ಲ ಗೊತ್ತಿತ್ತು. ಅವಳು ಕನ್ನಡಕದಕ್ಕನಿಗಿಂತ ಸ್ವಲ್ಪ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. "ಅಕ್ಕಾ, ಆ ಮುದುಕಪ್ಪನ್ನ ಹಾಗೆ ನುಂಗೋ ಥರ ನೋಡಬೇಡ. ಹೆಂಡತಿ ಜೊತೇಲಿ ಬಂದಿದ್ದಾನೆ," ಎಂದು ಒಳಗಿನಿಂದಲೇ ಕೂಗುವಳು.

ಒಂದು ಮಧ್ಯಾಹ್ನ ಗಿರಾಕಿಯ ಮುಂದೆ ಬಗ್ಗಿದ್ದವಳಿಗೆ ಉಸಿರು ಸಿಕ್ಕಿಕೊಂಡು ಕಣ್ಣು ಕತ್ತಲೆ ಬಂತು. ಆ ವಾರವೇ ಗಂಡ ರಜೆ ಹಾಕಿ ಅವಳನ್ನು ಮೂಗಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಡಾಕ್ಟರಮ್ಮ ಸಣ್ಣ ದೀಪವಿರುವ ನಳಿಕೆ ಹಾಕಿ ಎರಡೂ ಹೊಳ್ಳೆ ನೋಡಿದಳು. ಕಾಗದದ ಮೇಲೆ ಮೂಗಿನ ಚಿತ್ರ ಬರೆದು, ನಡುವೆ ಬಾಗಿದ ಗೆರೆ ಎಳೆದಳು.

"ಎರಡು ಹೊಳ್ಳೆಗೂ ಮಧ್ಯೆ ಇರೋ ಗೋಡೆ ಇದು. ನಿಮ್ಮದು ಹೀಗೆ ಬಾಗಿ ದಾರಿ ಮುಚ್ಚಿದೆ. ಒಳಗಡೆ ಮಾಂಸಾನೂ ಊದಿಕೊಂಡಿದೆ. ಔಷಧಿ ಸಿಂಪಡಿಸಿಕೊಂಡ್ರೆ ಊತ ಇಳಿಯುತ್ತೆ, ಗೋಡೆ ಸರಿಯಾಗಲ್ಲ. ಅದಕ್ಕೆ ಆಪರೇಷನ್ನೇ ಆಗಬೇಕು."

"ಎಂಥ ಆಪರೇಷನ್ನು?" ಎಂದ ಗಂಡ.

"ಅದರಲ್ಲಿ ಬೇರೆಬೇರೆ ಇದೆ. ಒಳಗಿನ ಗೋಡೆ ಮಾತ್ರ ಸರಿಮಾಡಬಹುದು. ಆಗ ಹೊರಗೆ ಮುಖ ಈಗಿದ್ದ ಹಾಗೇ ಇರುತ್ತೆ. ಹೊರಗಿನ ಆಕಾರ ಮಾತ್ರ ತಿದ್ದೋದೂ ಇದೆ, ಅದು ಚಂದಕ್ಕೆ ಅಂತ ಬರೋರಿಗೆ. ಅದರಿಂದ ಇವರ ಉಸಿರಿಗೆ ಪ್ರಯೋಜನ ಇಲ್ಲ. ಇಲ್ಲಾಂದ್ರೆ ಎರಡೂ ಒಟ್ಟಿಗೆ. ಇವರದ್ದು ಮೂಳೆ ಸಮೇತ ವಾಲಿದೆ ನೋಡಿ, ಅದೇ ಒಳಗಿನ ಗೋಡೇನೂ ಎಳೀತಾ ಇದೆ. ಎರಡೂ ಮಾಡಿದ್ರೆನೇ ಉಸಿರು ಪೂರ್ತಿ ಸಿಗೋದು. ಮೂಗನ್ನ ನೇರ ಮಾಡಿಬಿಡೋಣ."

"ಚಂದಕ್ಕೆ ಅಂತಾದ್ರೆ ನನ್ನ ಹೊಟ್ಟೇನೂ ಒಂಚೂರು ನೋಡಿ ಡಾಕ್ಟ್ರೇ," ಎಂದ ಗಂಡ.

ಕನ್ನಡಕದಕ್ಕ ಮಾತ್ರ ಹಿಂದೆಮುಂದೆ ನೋಡದೆ ಒಪ್ಪಿಕೊಂಡಳು. "ನೇರ ಮಾಡಿ ಡಾಕ್ಟ್ರೇ. ದಿನಾ ನಾನು ಮಾಡೋದೂ ಅದೇ." ಅಂಗಡಿಯಲ್ಲಿ ಬದುಕಿಡೀ ಆಡಿದ ಮಾತು ಅವಳ ಕಿವಿಗೆ ಅಂಗಡಿಯ ಅರ್ಥದಲ್ಲೇ ಬಿತ್ತು. ನೇರ ಎಂದರೆ ಈ ಮುಖಕ್ಕೆ ಒಗ್ಗುವಂತೆ ಕೂರಿಸುವುದು. ಹೊರಗಿನ ತಿರುವು ತಿರುವಾಗಿಯೇ ಇರುತ್ತದೆ, ಅಲುಗಾಡದಂತೆ ಭದ್ರ ಮಾಡುತ್ತಾರೆ ಎಂದುಕೊಂಡಳು. ಎದುರಿನಿಂದ, ಎರಡೂ ಪಕ್ಕದಿಂದ ಫೋಟೋ ತೆಗೆಸಿಕೊಂಡು ಹಗುರಾಗಿ ಮನೆಗೆ ಬಂದಳು.

ಮುಂದಿನ ಸಲ ಹೋದಾಗ ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. "ಆಪರೇಷನ್ ಆದಮೇಲೆ ಹೆಚ್ಚುಕಡಿಮೆ ಹೀಗಿರುತ್ತೆ."

ಪರದೆಯ ಮೇಲೆ ಅವಳದೇ ಕಣ್ಣು, ಅವಳದೇ ಬಾಯಿ, ನಡುವೆ ಎಲ್ಲೂ ಹೊರಳದೆ ಇಳಿದ ಮೂಗು.

"ಇದು ನೇರ ಅಲ್ಲ ಡಾಕ್ಟ್ರೇ," ಎಂದಳು ಮೆಲ್ಲಗೆ.

"ಇದಕ್ಕಿಂತ ನೇರ ಇನ್ನೇನಮ್ಮಾ ಮಾಡೋದು?"

ಅವಳು ತಮ್ಮ ಅಂಗಡಿಯ ಮಾತಿನ ಅರ್ಥ ಬಿಡಿಸಿ ಹೇಳಿದಳು. ಡಾಕ್ಟರಮ್ಮನಿಗೆ ನಗು ಬಂತು. "ಹಾಗಾದ್ರೆ ನಿಮ್ಮ ನೇರಾನೇ ನಮ್ಮ ಸೊಟ್ಟ. ಪುಣ್ಯಕ್ಕೆ ಮೊದಲೇ ತಿಳೀತು."

ಗಂಡ ಪರದೆಯ ಹತ್ತಿರ ಬಗ್ಗಿದ. "ಚೆನ್ನಾಗೇ ಇದೆಯಲ್ಲ. ಆದ್ರೆ ನೀನಲ್ಲ. ಯಾರು ಇದು?"

"ನಮ್ಮಣ್ಣ," ಎಂದಳು ಅವಳು.

ಮದುವೆಗೆ ಮುಂಚೆಯೇ ಹೋದವನನ್ನು ಗಂಡ ನೋಡಿರಲಿಲ್ಲ. ಅವಳೂ ಅದೆಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ನೆನಪಿನಲ್ಲಿ ಅವನ ಮುಖ ಸವೆದು, ಕಿವಿ, ಗದ್ದದ ಗುಳಿ, ದನಿ ಮತ್ತು ಹೆಬ್ಬೆರಳು ಮಾತ್ರ ಉಳಿದಿದ್ದವು. ಬಾಗಿಲಿಗೆ ಬಡಿಯುವ ಮುಂಚೆ ಇಬ್ಬರದೂ ಒಂದೇ ಅಚ್ಚಿನ ಮೂಗು ಎಂದು ಅಮ್ಮ ಹೇಳುತ್ತಿದ್ದದ್ದು ಈಗ ನೆನಪಾಯಿತು. ಡಾಕ್ಟರಮ್ಮ ಪರದೆ ತಿರುಗಿಸಲು ಹೋದಾಗ, "ಇನ್ನೊಂದು ಚೂರು ಹೊತ್ತು ಹಾಗೇ ಇಟ್ಟಿರಿ," ಎಂದಳು. ಹೊರಗೆ ಬೇರೆ ರೋಗಿಗಳು ಕಾಯುತ್ತಿದ್ದರು. ಡಾಕ್ಟರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

ಮರುದಿನ ಅಂಗಡಿಯಲ್ಲಿ ಗೆಳತಿ ಗಾಜು ತೇಯುವ ಯಂತ್ರ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

"ಮತ್ತಿನ್ನೇನಕ್ಕಾ? ಉಸಿರೂ ಬರುತ್ತೆ, ಅಣ್ಣಾನೂ ಸಿಕ್ತಾನೆ. ದಿನಾ ಕನ್ನಡೀಲಿ ನೋಡ್ಕೋಬಹುದು. ಮಾಡಿಸ್ಕೋ."

"ಅದೇ ಭಯ ಕಣೇ." ಕನ್ನಡಕದಕ್ಕ ಒಂದು ಫ್ರೇಮಿನ ತಿರುಪನ್ನು ಬಿಗಿ ಮಾಡುತ್ತಾ, ಮತ್ತೆ ಸಡಿಲ ಮಾಡುತ್ತಾ ಕೂತಿದ್ದಳು. "ಕನ್ನಡೀಲೇ ಸಿಕ್ಕಿಬಿಟ್ರೆ ಹುಡುಕೋದು ಬಿಟ್ಟುಬಿಡ್ತೀನಿ. ನಿನ್ನೆ ನೋಡಿದ ಕೂಡ್ಲೇ ಎಷ್ಟು ಸಮಾಧಾನ ಆಗೋಯ್ತು ಗೊತ್ತಾ? ಹಾಗೆ ಸಮಾಧಾನ ಆಗಬಾರದು. ಅವನು ಎಲ್ಲೋ ಇದ್ದಾನೆ. ಬಂದ್ರೆ ಈ ಮೂಗು ನೋಡ್ಕೊಂಡು ತಾನೇ ಬರಬೇಕು? ನನಗೂ ತಲೆ ಬೆಳ್ಳಗಾಗಿದೆ, ಕೆನ್ನೆ ಜೋತಿದೆ. ಇನ್ಯಾವ ಗುರುತು ಉಳಿದಿದೆ ಹೇಳು."

"ಅವನು ಬರೋ ಹೊತ್ತಿಗೆ ನೀನು ಉಸಿರಿಲ್ಲದೆ ಬಿದ್ದಿದ್ರೆ, ಮೂಗು ನೋಡಿ ಏನ್ ಮಾಡ್ತಾನೆ? ಉಪ್ಪಿನಕಾಯಿ ಹಾಕ್ತಾನಾ?"

ಇಬ್ಬರೂ ನಕ್ಕರು. ಗೆಳತಿ ಮೊದಲು ನಿಲ್ಲಿಸಿದಳು.

ಅವಳು ಒಳಗಿನದನ್ನು ಮಾತ್ರ ಮಾಡಿಸಿಕೊಂಡಳು. "ಪೂರ್ತಿ ಉಸಿರು ಸಿಗುತ್ತೆ ಅಂತ ಮಾತು ಕೊಡಕ್ಕಾಗಲ್ಲ," ಎಂದು ಡಾಕ್ಟರಮ್ಮ ಮುಂಚೆಯೇ ಎಚ್ಚರಿಸಿದ್ದಳು. "ಮುಂದೆ ಮನಸ್ಸು ಬದಲಾದ್ರೆ ಬನ್ನಿ. ಎರಡನೇ ಸಲ ಕೈಯಾಡಿಸೋದು ಸ್ವಲ್ಪ ಕಷ್ಟ, ಆದ್ರೂ ನೋಡೋಣ."

ಆಪರೇಷನ್ ಆದಮೇಲೆ ಮೂಗಿನ ತುಂಬ ತುರುಕಿದ್ದ ಬಟ್ಟೆಯನ್ನು ತೆಗೆದ ದಿನ ಅವಳಿಗೆ ಕಣ್ಣಲ್ಲಿ ನೀರು ಬಂತು. ಸೀನುವ ಹಾಗಿಲ್ಲ, ಮೂಗು ಜೋರಾಗಿ ಸೀಟುವ ಹಾಗಿಲ್ಲ ಎಂದು ಮನೆಗೆ ಕಳಿಸಿದರು. ಊತ ಇಳಿದ ಮೇಲೆ ಬಲಗಡೆ ಸರಾಗವಾಯಿತು. ಎಡಗಡೆ ಒಂದು ಎಳೆಯಷ್ಟು ಗಾಳಿ, ಅದೂ ಸಣ್ಣ ಸಿಳ್ಳೆ ಹೊಡೆಯುತ್ತಾ ಬರುತ್ತಿತ್ತು. "ಎಂಜಿನ್ ಹೋಗಿ ಕಂಡಕ್ಟರ್ ಬಂದ," ಎಂದ ಗಂಡ. ಆದರೂ ದಿಂಬುಗಳ ಗುಡ್ಡೆ ಕರಗಿ ಅವಳು ಮಗ್ಗುಲಾಗಿ ಮಲಗುವಂತಾದಳು. ಚಳಿ ಹೆಚ್ಚಾದ ದಿನ ಮಾತ್ರ ಮತ್ತೆ ಎದ್ದು ಕೂರುವಳು. ಆಗ ಗಂಡ, "ಮಾಡಿಸ್ಕೊಂಡುಬಿಡೇ ಆ ಇನ್ನೊಂದನ್ನೂ," ಎನ್ನುವನು. ಅವಳು ಇನ್ನೊಂದು ದಿಂಬನ್ನು ಬೆನ್ನಿಗೆ ಒತ್ತಿಕೊಳ್ಳುವಳು. ಬೆಳಿಗ್ಗೆ ಅಂಗಡಿಗೆ ಹೋಗಿ ಬಾಗಿಲಿಗೆ ಎದುರಾಗಿ ಕೂರುವಳು.

ಅವಳನ್ನು ಕರೆದುಕೊಂಡು ಹೋದದ್ದು ಬೇರೆಯೇ ಕಾಯಿಲೆ, ಹೊಟ್ಟೆಯದು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಯಲ್ಲಿ ಪಕ್ಕದ ಮಂಚದವರನ್ನು ನೋಡಲು ಯಾರಾದರೂ ವಯಸ್ಸಾದ ಗಂಡಸರು ಬಂದರೆ, ಕತ್ತು ಹೊರಳಿಸಲಾಗದಿದ್ದರೂ ಕಣ್ಣು ಹೊರಳಿಸುವಳು. ಕೊನೆಕೊನೆಗೆ ಗೆಳತಿಯೇ ಬಾಗಿಲ ಕಡೆ ನೋಡಿ, "ಇವನಲ್ಲ ಅಕ್ಕ, ಕಿವಿ ಬಹಳ ದೊಡ್ಡದು," ಎಂದು ಪಿಸುಗುಟ್ಟುವಳು. ಅಕ್ಕ ಕಣ್ಣು ಮುಚ್ಚಿಕೊಳ್ಳುವಳು.

ಎಲ್ಲ ಮುಗಿದ ಮೇಲೆ ಪತ್ರಿಕೆಗೆ ಒಂದು ಸಾವಿನ ಪ್ರಕಟಣೆ ಕೊಡಬೇಕೆಂದು ಗಂಡ ಹೇಳಿದ. ಹಾಗೆ ಕೊಡುವಷ್ಟು ದೊಡ್ಡ ಮನೆತನವೇನಲ್ಲ, ನೆಂಟರಿಗೆಲ್ಲ ಫೋನಿನಲ್ಲಿ ತಿಳಿದಿತ್ತು. ಯಾಕೆಂದು ಗೆಳತಿ ಕೇಳಲಿಲ್ಲ. ಇಬ್ಬರೂ ಫೋಟೋ ಸ್ಟುಡಿಯೋಗೆ ಹೋದರು. ಅಂಗಡಿಯಲ್ಲಿ ಯಾರೋ ತೆಗೆದಿದ್ದ ಒಂದು ಚಿತ್ರವಿತ್ತು. ಸ್ಟುಡಿಯೋದವನು ಒಳಗೆ ಹೋಗಿ ಕೆಲಸ ಮುಗಿಸಿ ಬಂದು ಪ್ರತಿಯನ್ನು ಮೇಜಿನ ಮೇಲಿಟ್ಟ. ಒಳ್ಳೆಯ ಮನುಷ್ಯ, ಮುತುವರ್ಜಿಯಿಂದ ಮಾಡಿದ್ದ.

"ಹಿಂದಿನ ಕಪಾಟೆಲ್ಲ ಅಳಿಸಿ ತಿಳಿನೀಲಿ ಹಾಕಿದ್ದೀನಿ ಸಾರ್. ಕಣ್ಣಿನ ಕೆಳಗಿನ ಕಪ್ಪು ತೆಗೆದಿದ್ದೀನಿ. ಮೂಗು ಒಂಚೂರು ಹಾಗಿತ್ತಲ್ಲ, ಅದನ್ನೂ ನೇರ ಮಾಡಿದ್ದೀನಿ. ಅದಕ್ಕೇನೂ ಬೇರೆ ತಗೊಳ್ಳಲ್ಲ."

ಗಂಡ ಚಿತ್ರವನ್ನು ಕೈಗೆತ್ತಿಕೊಂಡ. ಡಾಕ್ಟರಮ್ಮನ ಕೋಣೆಯಲ್ಲಿ ಅರೆಗಳಿಗೆ ಕಂಡಿದ್ದ ಮುಖ. ಗೆಳತಿ ಅದನ್ನು ನೋಡುತ್ತಿದ್ದದ್ದು ಇದೇ ಮೊದಲು. ಅಕ್ಕ ಇದನ್ನು ಬಿಟ್ಟುಕೊಟ್ಟು ಬಂದಿದ್ದಳೇ ಎಂದುಕೊಂಡು ಅವಳು ಗೋಡೆಯ ಕಡೆ ತಿರುಗಿದಳು.

"ಮೂಗು ಮೊದಲಿದ್ದ ಹಾಗೇ ಮಾಡಿಕೊಡಪ್ಪ," ಎಂದ ಗಂಡ.

"ಸೊಟ್ಟಗಾ ಸಾರ್? ಪೇಪರಲ್ಲಿ ಬರೋದು..."

"ಪೇಪರಲ್ಲಿ ಬರುತ್ತೆ ಅಂತಾನೇ ಹೇಳ್ತಿರೋದು. ಚೆನ್ನಾಗಿ ಕಾಣೋ ಹಾಗೆ ಇರಲಿ. ಬೇರೆ ಊರಲ್ಲೂ ಈ ಪೇಪರ್ ಓದ್ತಾರಲ್ಲ?"

"ಓದ್ತಾರೆ ಸಾರ್."

"ಬಂದರಿರೋ ಕಡೆ?"

ಸ್ಟುಡಿಯೋದವನು ಗೆಳತಿಯ ಮುಖ ನೋಡಿದ. ಹೌದೆನ್ನು ಎಂಬಂತೆ ಅವಳು ತಲೆಯಾಡಿಸಿದಳು. ಓದುತ್ತಾರೆ ಎಂದು ಅವನೂ ಹೇಳಿದ.

ಪ್ರಕಟಣೆ ಬಂದ ದಿನ ಗಂಡ ಕೆಲಸಕ್ಕೆ ಹೋಗಲಿಲ್ಲ. ಚಿತ್ರದ ಕೆಳಗೆ ತನ್ನ ಫೋನ್ ನಂಬರು ಹಾಕಿಸಿದ್ದ. ಬೆಳಿಗ್ಗೆಯಿಂದಲೇ ಫೋನು ಹೊಡೆದುಕೊಳ್ಳತೊಡಗಿತು. ಕನ್ನಡಕ ಹಾಕಿಸಿಕೊಂಡವರು, ಅವರ ಮಕ್ಕಳು, ಬಸ್ಸಿನ ಜೊತೆಗಾರರು. ಪ್ರತಿ ಸಲವೂ ಅವನು ಒಂದೇ ಸದ್ದಿಗೆ ಎತ್ತಿಕೊಂಡು, ತಾನು ಮಾತಾಡದೆ, ಆ ಕಡೆಯ ದನಿ ತಾನು ಯಾರೆಂದು ಹೇಳಿಕೊಳ್ಳುತ್ತದೋ ಎಂದು ಮೊದಲು ಕೇಳಿಸಿಕೊಳ್ಳುತ್ತಿದ್ದ.